ಸ್ಕೇಟ್ ಮೀನು ಯಾರ ಪಾಠ?

ಸ್ಕೇಟ್ ಮೀನು ಪ್ರಾಣಿಶಾಸ್ತ್ರದವರ ಸೊತ್ತೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಭಾವಿಸುವುದು ಸರಿಯಲ್ಲ. ನಮ್ಮ ಕರಾವಳಿಯ ತೊರಕೆಗೆ ಬಂಧುವಾದ ಈ ಚಪ್ಪಟೆ ಮೀನಿಗೆ ಕಣ್ಣು ಮೇಲೆ, ಬಾಯಿ ಕೆಳಗೆ. ಬಾಯಿಗೆ ಬಂದ ತುತ್ತನ್ನೇ ಅದು ಕಾಣಲಾರದು. ಹಾಗಾದರೆ ಮರಳಿನಲ್ಲಿ ಹುದುಗಿದ ಬೇಟೆಯನ್ನು ಅರಿಯುವುದೆಂತು? ವಾಸನೆಯಿಂದ ಎನ್ನುವಿರಿ. ಡಚ್ ವಿಜ್ಞಾನಿ ಕಾಲ್ಮೈನ್ ಅವರು 1971ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೋಡಿರಿ. ಜೀವಂತ ಮೀನೊಂದನ್ನು ಅಗರ್ ಗೂಡಿನಲ್ಲಿಟ್ಟು ಮರಳಿನಡಿ ಹುದುಗಿಸಿದರು; ವಾಸನೆಗೆ ತಡೆಯಾಯಿತು, ವಿದ್ಯುತ್ತಿಗೆ ಆಗಲಿಲ್ಲ. ಬೇಟೆ ಪತ್ತೆಯಾಯಿತು! ಗೂಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದೊಡನೆ ಸುಳಿವು ತಪ್ಪಿತು. ಬೇಟೆಯ ಬದಲು ವಿದ್ಯುದ್ವಾರಗಳನ್ನು ಹೂತಾಗ ಅವನ್ನೇ ಅಗೆಯತೊಡಗಿದವು. ಇದರ ಇಂದ್ರಿಯವಾದ ಲೋಳೆ ತುಂಬಿದ ನಾಳಗಳನ್ನು ಲೊರೆಂಜಿನಿ 1678ರಲ್ಲಿಯೇ ವರ್ಣಿಸಿದ್ದನು. ಅವುಗಳ ಉಪಯೋಗ ತಿಳಿಯಲು ಸುಮಾರು ಮುನ್ನೂರು ವರ್ಷ ಬೇಕಾಯಿತು. ಈ ಪ್ರಯೋಗವನ್ನು ವಿದ್ಯುತ್ ಕ್ಷೇತ್ರದ ಪಾಠದಲ್ಲಿಯೇ ಹೇಳಬೇಕೆಂಬುದು ನನ್ನ ವಾದ; ಪ್ರಾಣಿಶಾಸ್ತ್ರದ ಮಿತ್ರರು ಕೋಪಿಸಿಕೊಳ್ಳಬಾರದು.