ರಸೀದಿ ಪುಸ್ತಕ ಯಾರ ಕೈಯಲ್ಲಿದೆ?

ನವೆಂಬರ್ ಬಂತೆಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಅಡ್ಡರಸ್ತೆಗೊಂದು ರಾಜ್ಯೋತ್ಸವ. ವೇದಿಕೆಯ ಮೇಲೆ ಹುಡುಗಿಯರಿಗೇನೂ ಬರವಿಲ್ಲ. ಪ್ರಾರ್ಥನೆ ಹಾಡುವವಳು ಹುಡುಗಿ, ಪೂರ್ಣಕುಂಭ ಹಿಡಿದು ಗಣ್ಯರನ್ನು ಎದುರುಗೊಳ್ಳುವವಳು ಹುಡುಗಿ, ಶಾಲು-ಹಾರದ ತಟ್ಟೆ ಹಿಡಿದು ಭಾಷಣ ಮುಗಿಯುವ ತನಕ ಕಾಲು ಬದಲಿಸುತ್ತ ನಿಲ್ಲುವವಳೂ ಹುಡುಗಿಯೇ. ರಸೀದಿ ಪುಸ್ತಕ ಹಿಡಿದು ಚಂದಾ ಎತ್ತುವುದು, ಆರ್ಕೆಸ್ಟ್ರಾದವರ ಹತ್ತಿರ ರೇಟು ಕುದುರಿಸುವುದು, ಶಾಮಿಯಾನದವನಿಗೆ ಅಡ್ವಾನ್ಸ್ ಕೊಡುವುದು ಮಾತ್ರ ಹುಡುಗರ ಪಾಲು. ಇಪ್ಪತ್ತು ದಾಟದ ಹುಡುಗ ಇದನ್ನೆಲ್ಲ ಮಾಡುತ್ತ ಮಾಡುತ್ತ ಪಾಲಿಕೆ ಕಚೇರಿ, ಪೊಲೀಸ್ ಠಾಣೆಯ ದಾರಿ ಕಲಿಯುತ್ತಾನೆ. ಹುಡುಗಿಗೆ ಒಂದು ಸ್ಟೀಲ್ ಡಬ್ಬಿ ಬಹುಮಾನ.

ಹೆಣ್ಣುಮಕ್ಕಳ ಸಬಲೀಕರಣದ ಬಗ್ಗೆ ಅದೇ ವೇದಿಕೆಯಲ್ಲಿ ಮಾತಾಡುವವರಿಗೆ ಇದು ಕಾಣುವುದೇ ಇಲ್ಲ.

ಹೆಣ್ಣಿನ ಕೈಗೆ ಹೊಣೆ ಕೊಡುವುದು ಬೆಂಗಳೂರಿಗೇನು ಹೊಸ ಪಾಠವಲ್ಲ. ಬಾಲ್ಯದಲ್ಲೇ ವಿಧವೆಯಾದ ಆರ್. ಕಲ್ಯಾಣಮ್ಮ ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಎಂಬ ಸಂಸ್ಥೆ ಕಟ್ಟಿದರು. ಸ್ಟಾಪು ಬಂದಾಗ ಬಸ್ಸಿನವರು ಇವತ್ತಿಗೂ ಆ ಹೆಸರು ಕೂಗುತ್ತಾರೆ. ಅದರ ಹಿಂದೆ ಒಬ್ಬ ಹೆಂಗಸಿದ್ದಾಳೆ ಎಂಬುದು ಇಳಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ. 1979ರ ಹೊತ್ತಿಗೆ ಪ್ರೇಮಾ ಕಾರಂತರು ಬೆನಕ ರಂಗತಂಡದ ಮೂಲಕ ಮಕ್ಕಳ ನಾಟಕಕ್ಕೆ ಕೈಹಾಕಿದರು. ನಮ್ಮ ಪಶ್ಚಿಮದ ಬಡಾವಣೆಗಳಲ್ಲಿ ಆ ಕೆಲಸವನ್ನು ‘ವಿಜಯನಗರ ಬಿಂಬ’ ರಂಗತಂಡ ಮುಂದುವರಿಸಿಕೊಂಡು ಬಂದಿದೆ.

ಮಕ್ಕಳ ನಾಟಕದ ತಾಲೀಮಿಗೆ ಒಮ್ಮೆ ಹೋಗಿ ಕೂತು ನೋಡಬೇಕು. ನಾನು ಕಂಡ ಒಂದು ತಾಲೀಮಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪಾತ್ರ ಮಾಡದೆ ಸ್ಕ್ರಿಪ್ಟ್ ಹಿಡಿದು ನೆಲದ ಮೇಲೆ ಕೂತಿದ್ದಳು. ಲೈಟು ಯಾವ ಮಾತಿಗೆ ಇಳಿಯಬೇಕು ಎಂದು ಪೆನ್ಸಿಲ್ಲಿನಲ್ಲಿ ಅಂಚಿಗೆ ಗೀಟು ಎಳೆದುಕೊಂಡಿದ್ದಳು. ರಾಜನ ಪಾರ್ಟಿನ ಹುಡುಗ ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನು. “ಅಣ್ಣಾ, ಜನಕ್ಕೆ ಬೆನ್ನು ಹಾಕಿದೀಯ. ಹಿಂದಿನ ಸಾಲಿಗೆ ಡೈಲಾಗ್ ಕೇಳಿಸಲ್ಲ, ಇನ್ನೊಂದ್ ಸಲ ಹೇಳು” ಅಂದಳು. ರಾಜ ತೆಪ್ಪಗೆ ತಿರುಗಿ ನಿಂತ. ಮಾರ್ಗದರ್ಶನ ಅಂದರೆ ದೊಡ್ಡವರು ಬಂದು ಬುದ್ಧಿ ಹೇಳಿ ಹೋಗುವುದು ಎಂದುಕೊಂಡಿದ್ದೇವೆ. ಆ ಹುಡುಗಿಗೆ ಸ್ಕ್ರಿಪ್ಟ್ ಕೊಟ್ಟು ದೂರ ಕೂತಿದ್ದ ಮೇಡಂ ಅರ್ಧ ಗಂಟೆ ಬಾಯಿ ಬಿಟ್ಟಿರಲಿಲ್ಲ.

ತೊಡಕಿರುವುದು ಆ ಹುಡುಗಿಯ ವಯಸ್ಸಿನಲ್ಲೇ. ಬೇಸಿಗೆ ಶಿಬಿರಗಳಲ್ಲಿ ಏಳನೇ ಕ್ಲಾಸಿನವರೆಗೆ ಹುಡುಗಿಯರು ಕಿಕ್ಕಿರಿದಿರುತ್ತಾರೆ. ಮುಂದೆ ಟ್ಯೂಷನ್, ಎಸ್ಸೆಸ್ಸೆಲ್ಸಿ, ‘ಕತ್ತಲಾದ ಮೇಲೆ ಬೇಡ’. ಉಳಿದರೆ ಭರತನಾಟ್ಯ ಉಳಿಯುತ್ತದೆ. ಜೂನಿಯರ್, ಸೀನಿಯರ್ ಪಾಸಾದದ್ದು ಮದುವೆಯ ಬಯೋಡೇಟಾದಲ್ಲೂ ಒಂದು ಸಾಲಾಗುತ್ತದಲ್ಲ! ಹಾಗೆಂದು ಅಪ್ಪ-ಅಮ್ಮಂದಿರನ್ನಷ್ಟೇ ಬೈದು ಫಲವಿಲ್ಲ. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿಗೆ ಬಂತು, ವಿಜಯನಗರದ ತಾಲೀಮಿಗೆ ಬಂದು ಹೋಗುವುದು ಸಲೀಸಾಯಿತು. ಆದರೆ ಸ್ಟೇಷನ್ನಿನಿಂದ ಮನೆಯವರೆಗಿನ ಬೀದಿದೀಪವೇ ಉರಿಯದಿದ್ದರೆ ಯಾವ ತಾಯಿ ಧೈರ್ಯ ಮಾಡುತ್ತಾಳೆ? ಶಾಲೆಗಳ ಹೊಣೆಯೂ ಇದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ನಮ್ಮ ಮಗ್ಗುಲಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲೇ ಇದೆ. ಬೆಳಕು, ರಂಗಸಜ್ಜಿಕೆಯನ್ನೂ ಕಸುಬಾಗಿ ಕಲಿಯಬಹುದೆಂದು ಸುತ್ತಲಿನ ಹೈಸ್ಕೂಲುಗಳ ಹುಡುಗಿಯರಿಗೆ ಒಮ್ಮೆಯಾದರೂ ಕರೆದೊಯ್ದು ತೋರಿಸಬೇಡವೆ?

ರಸ್ತೆ ಸಂಘಗಳವರು ದೊಡ್ಡ ಯೋಜನೆಯನ್ನೇನೂ ಹಾಕಬೇಕಿಲ್ಲ. ಈ ಸಲದ ರಾಜ್ಯೋತ್ಸವದಲ್ಲಿ ಒಂದು ರಸೀದಿ ಪುಸ್ತಕವನ್ನು ಪಿಯುಸಿ ಓದುವ ಇಬ್ಬರು ಹುಡುಗಿಯರಿಗೆ ಕೊಡಿ. ಜಮಾ-ಖರ್ಚನ್ನು ಅವರೇ ಮೈಕಿನಲ್ಲಿ ಓದಲಿ. ಲೆಕ್ಕ ಓದುವ ಅಭ್ಯಾಸ ಕೆಲವು ಸಂಘಗಳಿಗೆ ಇಲ್ಲ ಎಂಬುದು ಬೇರೆ ಮಾತು. ಮೈಕ್ ಸೆಟ್ಟಿನವನ ಪಕ್ಕ ಒಬ್ಬಳನ್ನು ಕೂರಿಸಿ. ಇದಕ್ಕೆಲ್ಲ ಮೊದಲು ಆಗಬೇಕಾದದ್ದು ಇನ್ನೊಂದಿದೆ. ಸಂಘದ ಮೀಟಿಂಗು ರಾತ್ರಿ ಒಂಬತ್ತೂವರೆಗೆ ಟೀ ಅಂಗಡಿ ಮುಂದೆ, ಬೈಕಿನ ಮೇಲೆ ಕೂತು ನಡೆಯುತ್ತದೆ. ಅದನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಯಾರದಾದರೂ ಮನೆಯ ಜಗಲಿಗೆ ಬದಲಾಯಿಸಿ.