ಉತ್ತರ ಗೊತ್ತಿದ್ದವರಿಗೂ ಲಾಟರಿ ತೆರಿಗೆಯೇ?



‘ಕನ್ನಡದ ಕೋಟ್ಯಧಿಪತಿ’ಯಂಥ ಕಾರ್ಯಕ್ರಮಗಳಲ್ಲಿ ಪರದೆಯ ಮೇಲೆ ಮಿನುಗುವ ಮೊತ್ತ ಗೆದ್ದವರ ಕೈಗೆ ಪೂರ್ತಿ ಸೇರುವುದಿಲ್ಲ. ಬಹುಮಾನ 10,000 ರೂಪಾಯಿ ದಾಟಿದರೆ ಶೇ 30ರಷ್ಟನ್ನು ಮುರಿದುಕೊಂಡೇ ಹಣ ಕೊಡಬೇಕೆಂಬುದು ಕಾನೂನು. ಅದರ ಮೇಲೆ ಶೇ 4ರ ಸೆಸ್ ಬೇರೆ. 3,20,000 ರೂಪಾಯಿ ಗೆದ್ದವರು ಸರ್ಕಾರಕ್ಕೆ ಕಟ್ಟಬೇಕಾದದ್ದು 99,840 ರೂಪಾಯಿ. ಬಹುಮಾನವಾಗಿ ಕಾರು ಬಂದರಂತೂ ಮೊದಲು ತೆರಿಗೆ ಕಟ್ಟಿ, ಆಮೇಲೆ ಕೀಲಿಕೈ ಪಡೆಯಬೇಕು.

ತೆರಿಗೆಯೇ ಬೇಡ ಎನ್ನುತ್ತಿಲ್ಲ. ಯಾವ ಸಾಲಿನಲ್ಲಿ ನಿಲ್ಲಿಸಿ ವಸೂಲು ಮಾಡುತ್ತಿದ್ದಾರೆ ಎಂಬುದಕ್ಕೆ ನನ್ನ ತಕರಾರು. 2000ದಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಮನೆಮಾತಾಯಿತು. ಮರುವರ್ಷವೇ, ಯಶವಂತ ಸಿನ್ಹಾ ಹಣಕಾಸು ಸಚಿವರಾಗಿದ್ದಾಗ, ಟಿ.ವಿ. ಸ್ಪರ್ಧೆಗಳ ಬಹುಮಾನವನ್ನೂ ಲಾಟರಿ, ಜೂಜು, ಕುದುರೆ ರೇಸಿನ ಗೆಲುವಿನ ಜೊತೆಗೇ ಸೇರಿಸಲಾಯಿತು. ನಮ್ಮ ರಾಜ್ಯ 2007ರಲ್ಲೇ ಲಾಟರಿಯನ್ನು ನಿಷೇಧಿಸಿತು. ಲಾಟರಿ ಹೋಯಿತು, ಅದರ ತೆರಿಗೆ ಮಾತ್ರ ಪುಸ್ತಕ ಓದಿ ಗೆದ್ದವನ ಬೆನ್ನು ಬಿಡಲಿಲ್ಲ.

ನಾಲ್ಕು ಆಯ್ಕೆ ಕೊಟ್ಟ ಮೇಲೆ ರಸಪ್ರಶ್ನೆಯೂ ಅದೃಷ್ಟದಾಟವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಒಂದೆರಡು ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಹೇಳಿ ಬಚಾವಾಗಬಹುದು, ಒಪ್ಪಿದೆ. ಹತ್ತು ಪ್ರಶ್ನೆ ಹಾಗೆ ದಾಟಿದವರನ್ನು ನಾನಂತೂ ಕಂಡಿಲ್ಲ.

ಈಗ ಲೆಕ್ಕ ನೋಡಿ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಆದರೆ ಆ ರಿಯಾಯಿತಿ ರಸಪ್ರಶ್ನೆಯ ಹಣಕ್ಕೆ ಅನ್ವಯಿಸದು. ಅಲ್ಲಿ ಮೊದಲ ರೂಪಾಯಿಯಿಂದಲೇ ಶೇ 30. ಕೃಷಿ ಆದಾಯ ಬಿಟ್ಟು ಬೇರೆ ಗಳಿಕೆಯಿಲ್ಲದೆ, ರಿಟರ್ನ್ ಎಂದರೇನೆಂದೇ ಅರಿಯದ ರೈತನ ಮಗಳು ಗೆದ್ದರೂ ಅಷ್ಟೇ, ಕೋಟ್ಯಧೀಶ ಗೆದ್ದರೂ ಅಷ್ಟೇ. ಕೊಂಡ ಪುಸ್ತಕ, ಓಡಾಟದ ಬಸ್ ಚಾರ್ಜು ಯಾವುದನ್ನೂ ಖರ್ಚೆಂದು ಕಳೆಯುವಂತಿಲ್ಲ. ತಮಾಷೆಯೆಂದರೆ, ರೇಸಿನ ಕುದುರೆ ಸಾಕುವ ಮಾಲೀಕರು ಆ ಆದಾಯದಿಂದ ಕುದುರೆಯ ಸಾಕಣೆ ವೆಚ್ಚ ಕಳೆಯಬಹುದು. ಹುರುಳಿಗಿರುವ ಮರ್ಯಾದೆ ಪುಸ್ತಕಕ್ಕಿಲ್ಲ!

ಸರ್ಕಾರವೇ ಕೊಡುವ ಕೆಲವು ಪ್ರಶಸ್ತಿಗಳ ನಗದಿಗೆ ತೆರಿಗೆ ವಿನಾಯಿತಿ ಇದೆ. ಅಷ್ಟು ಉದಾರತೆ ಇಲ್ಲಿ ಬೇಡ. ಜ್ಞಾನ ಪರೀಕ್ಷಿಸುವ ಸ್ಪರ್ಧೆಗಳ ಬಹುಮಾನವನ್ನು ಲಾಟರಿಯ ಪಟ್ಟಿಯಿಂದ ತೆಗೆದು, ಸಂಬಳದ ಹಾಗೆಯೇ ಮಾಮೂಲಿ ಸ್ಲ್ಯಾಬಿಗೆ ಸೇರಿಸಲಿ. ಹೆಚ್ಚು ಗಳಿಸುವವರು ಹೆಚ್ಚು ಕಟ್ಟಲಿ. ವಾಹಿನಿಗಳೂ ಗೆದ್ದ ಮೊತ್ತದ ಪಕ್ಕದಲ್ಲೇ ತೆರಿಗೆ ಕಳೆದು ಕೈಗೆ ಸಿಗುವ ಮೊತ್ತವನ್ನು ತೋರಿಸಲಿ.

ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾದವರು. ಮುಂದಿನ ಬಜೆಟ್‌ಗೆ ಮೊದಲು ನಮ್ಮ ಸಂಸದರು ಈ ವಿಷಯವನ್ನು ಅವರ ಗಮನಕ್ಕೆ ತರಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕ, ತಿಪಟೂರು