ಮಿನೆಸೋಟಾಗೆ ಪಟ್ಟಾ, ತಾಂಡಾಗೆ ಠಾಣೆ

ಅಮೆರಿಕದ ನಕ್ಷೆಯೊಂದನ್ನು ನೀವೂ ಮೊಬೈಲ್‌ನಲ್ಲಿ ನೋಡಿರಬಹುದು. ಯಾವ ದೇಶದಿಂದ ವಲಸೆ ಬಂದವರ ಮೊಮ್ಮಕ್ಕಳು ಎಲ್ಲೆಲ್ಲಿ ನೆಲೆಸಿದ್ದಾರೆ ಅಂತ ಬಣ್ಣ ತುಂಬಿರ್ತಾರೆ. ನಾರ್ವೆ, ಸ್ವೀಡನ್ ಮೂಲದವರು ಮಿನೆಸೋಟಾ, ಉತ್ತರ ಡಕೋಟಾ ಕಡೆ ದಟ್ಟವಾಗಿದ್ದಾರೆ. ಯಾಕೆ ಅಲ್ಲೇ? ಅಲ್ಲಿನ ಚಳಿ ತವರಿನ ಹಾಗಿತ್ತು ಅನ್ನೋದು ಜನಪ್ರಿಯ ಉತ್ತರ. ಬರೀ ಚಳಿ ಬೇಕಿದ್ದರೆ ನಾರ್ವೆಯಲ್ಲೇ ಇತ್ತಲ್ಲ!

ದೊಡ್ಡ ಕಾರಣ ಒಂದು ಕಾಯ್ದೆ. 1862ರ ಹೋಮ್‌ಸ್ಟೆಡ್ ಕಾಯ್ದೆ. ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದರೆ 160 ಎಕರೆ ಜಮೀನು ನಿಮ್ಮದು. ಪೌರತ್ವಕ್ಕೆ ಅರ್ಜಿ ಹಾಕುವ ಇಚ್ಛೆ ತೋರಿಸಿದ ವಲಸಿಗರಿಗೂ ಆ ಹಕ್ಕಿತ್ತು. ಮೊದಲು ಹೋದವರು ಊರಿಗೆ ಪತ್ರ ಬರೆದರು, ಅಣ್ಣನ ಹಿಂದೆ ತಮ್ಮ ಹೊರಟ. ಆ ನೆಲ ಖಾಲಿಯೇನೂ ಇರಲಿಲ್ಲ ಅನ್ನೋದನ್ನ ಮರೆಯಬಾರದು. ಅದೇ 1862ರ ಡಿಸೆಂಬರ್‌ನಲ್ಲಿ ಮಿನೆಸೋಟಾದ ಮ್ಯಾಂಕೇಟೋದಲ್ಲಿ 38 ಡಕೋಟಾ ಮೂಲನಿವಾಸಿಗಳನ್ನು ಒಂದೇ ದಿನ ಗಲ್ಲಿಗೇರಿಸಲಾಯಿತು. ಮರುವರ್ಷ ಉಳಿದವರನ್ನು ಆ ರಾಜ್ಯದಿಂದಲೇ ಹೊರಹಾಕಲಾಯಿತು. ಒಬ್ಬರ ಪಟ್ಟಾ ಇನ್ನೊಬ್ಬರ ಗಡಿಪಾರಿನ ಮೇಲೆ ನಿಂತಿತ್ತು.

ಈಗ ನಮ್ಮ ನಕ್ಷೆಗೆ ಬನ್ನಿ. ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೋದರೆ ಬಸ್ಸಿನ ಬೋರ್ಡಲ್ಲಿ, ರಸ್ತೆಯ ಕಲ್ಲಲ್ಲಿ ‘ಎಲ್.ಟಿ.’ ಅನ್ನೋ ಎರಡಕ್ಷರ ಕಾಣಿಸುತ್ತೆ. ಅರಕೇರಿ ಎಲ್.ಟಿ., ಸೋಮದೇವರಹಟ್ಟಿ ಎಲ್.ಟಿ. ಕೆಲವಕ್ಕೆ ನಂ. 1, ನಂ. 2 ಅಂತ ನಂಬರ್ ಬೇರೆ. ಎಲ್.ಟಿ. ಅಂದರೆ ಲಮಾಣಿ ತಾಂಡಾ. ಇಂಜಿನಿಯರಿಂಗ್ ಓದುವಾಗ ಇದು ಕರೆಂಟಿನ ‘ಲೋ ಟೆನ್ಶನ್’ ಲೈನ್ ಇರಬೇಕು ಅಂದ್ಕೊಂಡಿದ್ದೆ. ಹತ್ತಾರು ಸಾವಿರ ಜನರ ವಿಳಾಸ ಅಂತ ಗೊತ್ತಾಗಿದ್ದು ಆಮೇಲೆ.

ಲಮಾಣಿಗರ ಭಾಷೆಯ ಬೇರು ರಾಜಸ್ಥಾನದ ಕಡೆಗಿದೆ. ಎತ್ತುಗಳ ಹಿಂಡಿನ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶವಿಡೀ ಸಾಗಿಸುತ್ತಿದ್ದವರು. ದಖ್ಖನ್ನಿಗೆ ಬಂದ ಮೊಘಲ್ ಸೈನ್ಯಕ್ಕೆ ಧಾನ್ಯ ಪೂರೈಸಿದವರೂ ಇವರೇ. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂತು. ಎತ್ತಿನ ಬೆನ್ನಿನ ವ್ಯಾಪಾರ ಮುಗಿಯಿತು. ನಾರ್ವೆಯ ರೈತನ ಕೈಗೆ ಅಮೆರಿಕ ಜಮೀನಿನ ಪತ್ರ ಕೊಡ್ತಿದ್ದ ಹೊತ್ತಿನಲ್ಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಇಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. 1911ರ ಹೊಸ ಕಾಯ್ದೆಯೊಂದಿಗೆ ಅದು ದೇಶವಿಡೀ ಹರಡಿತು. ಹಲವೆಡೆ ಬಂಜಾರರ ಹೆಸರೂ ಆ ಪಟ್ಟಿ ಸೇರಿತು. ಹುಟ್ಟಿದ ತಪ್ಪಿಗೆ ಠಾಣೆಯ ರಿಜಿಸ್ಟರ್‌ನಲ್ಲಿ ಹೆಸರು. ಕಾಯ್ದೆ ಪೂರ್ತಿ ರದ್ದಾಗಿದ್ದು 1952ರಲ್ಲಿ.

ಹೀಗಾಗಿಯೇ ತಾಂಡಾಗಳು ಊರಿನ ಹೊರಗೆ, ಗುಡ್ಡದ ಬದಿಗೆ, ಯಾರಿಗೂ ಬೇಡದ ಜಮೀನಲ್ಲಿ ಹುಟ್ಟಿಕೊಂಡವು. ಮನೆ ಇದೆ, ದೇವಸ್ಥಾನ ಇದೆ, ಮತಗಟ್ಟೆಯೂ ಇದೆ. ಕಂದಾಯ ದಾಖಲೆಯಲ್ಲಿ ಮಾತ್ರ ಬಹಳ ಕಾಲ ಊರೇ ಇರಲಿಲ್ಲ. ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಿ ‘ವಾಸಿಸುವವನೇ ಮನೆಯೊಡೆಯ’ ಎಂದು ಕರ್ನಾಟಕ ಹೇಳಿದ್ದು 2017ರಲ್ಲಿ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಮೋದಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ವಿಜಯಪುರವೂ ಸೇರಿ ಐದು ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ಕಾಂಗ್ರೆಸ್ಸಿನ ಕಾಯ್ದೆ, ಬಿಜೆಪಿಯ ಕಾರ್ಯಕ್ರಮ. ಶ್ರೇಯಸ್ಸಿಗೆ ಇಬ್ಬರೂ ಜಗಳವಾಡಿದರು. ಆಡಲಿ, ಜನರಿಗೆ ಪತ್ರ ಬಂತಲ್ಲ.

ಆದರೆ ಆ ಪತ್ರ ಮನೆ ಇರುವ ಜಾಗಕ್ಕೆ. ಅದು 160 ಎಕರೆ ಅಲ್ಲ. ಈ ಭಾಗಕ್ಕೀಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುತ್ತೆ, ಒಣದ್ರಾಕ್ಷಿ ಆಗುತ್ತೆ. ನೀರು ಬಂದ ಮೇಲೆ ಜಮೀನಿನ ಬೆಲೆ ಏರಿತು. ಲಾಭ ಪಹಣಿ ಇದ್ದವರಿಗೆ. ಪಹಣಿ ಇಲ್ಲದವರು ದೀಪಾವಳಿಯ ಹೊತ್ತಿಗೆ ಗಂಡ-ಹೆಂಡತಿ ಜೋಡಿಯಾಗಿ ಮುಂಗಡ ತಗೊಂಡು ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿಗೆ ಕಬ್ಬು ಕಡಿಯಲು ಹೋಗ್ತಾರೆ. ತಿರುಗಿ ಬರೋದು ಯುಗಾದಿಯ ಆಸುಪಾಸಿಗೆ. ಅಜ್ಜ ಎತ್ತು ಹೊಡ್ಕೊಂಡು ತಿರುಗಿದ, ಮೊಮ್ಮಗ ಟ್ರ್ಯಾಕ್ಟರ್ ಹತ್ತಿ ತಿರುಗ್ತಾನೆ.

ಇಲ್ಲೇ ಒಂದು ಹೊಸ ಅಪಾಯವಿದೆ. ಹೊಸ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ತಲೆ ಎಣಿಸುವ ಕೆಲಸ ನಡೆಯೋದು ಫೆಬ್ರವರಿಯಲ್ಲಿ, ಅಂದರೆ ಕಬ್ಬಿನ ಹಂಗಾಮಿನ ನಟ್ಟ ನಡುವೆ. 2011ರಲ್ಲೂ ಎಣಿಕೆ ಫೆಬ್ರವರಿಯಲ್ಲೇ ನಡೆದಿತ್ತು. ಎಣಿಸುವವರು ಬಂದಾಗ ತಾಂಡಾದ ಎಷ್ಟೋ ಮನೆಗಳಿಗೆ ಬೀಗ ಇರುತ್ತೆ. ಆ ಜನ ಒಂದೋ ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿ ಲೆಕ್ಕ ಸಿಗ್ತಾರೆ, ಇಲ್ಲಾ ಎಲ್ಲೂ ಸಿಗಲ್ಲ. ಜಾತಿಯನ್ನೂ ದಾಖಲಿಸುವ ಎಣಿಕೆ ಇದು. ಪಂಚಾಯಿತಿ ಸೀಟು, ಕ್ಷೇತ್ರದ ಗಡಿ, ಅನುದಾನ ಎಲ್ಲಕ್ಕೂ ಇದೇ ಅಂಕಿ ಆಧಾರ.

ಪರಿಹಾರ ರಾಕೆಟ್ ಸೈನ್ಸ್ ಏನಲ್ಲ. ಕಬ್ಬಿನ ಗದ್ದೆಗಳ ಪಕ್ಕದ ಗುಡಿಸಲುಗಳನ್ನು ಎಣಿಕೆಯ ಪಟ್ಟಿಗೆ ಮೊದಲೇ ಸೇರಿಸಬೇಕು. ಯಾವ ತಾಂಡಾದಿಂದ ಎಷ್ಟು ಜೋಡಿ ಹೋಗಿದೆ ಅಂತ ಗ್ರಾಮ ಪಂಚಾಯಿತಿ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಮುಂಗಡ ಕೊಟ್ಟವರ ಡೈರಿಯಲ್ಲಿ ಪ್ರತಿ ಜೋಡಿಯ ಹೆಸರು, ಊರು ಇರುತ್ತೆ. ಅವರಿಗೆ ಗೊತ್ತಿರೋದು ಸರ್ಕಾರಕ್ಕೂ ಗೊತ್ತಾಗಬಹುದು, ಕೇಳಬೇಕಷ್ಟೆ.

ನಾರ್ವೆಯವರ ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ನಮಗೆ ಮೊಬೈಲ್‌ನಲ್ಲಿ ಗೊತ್ತಾಗುತ್ತೆ. ಎಲ್.ಟಿ. ನಂ. 2ರ ಜನ ಫೆಬ್ರವರಿಯಲ್ಲಿ ಎಲ್ಲಿರ್ತಾರೆ ಅಂತ ನಮ್ಮ ಸರ್ಕಾರಕ್ಕೂ ಗೊತ್ತಿರಬೇಕಲ್ವಾ?